ಸಾಮಿಯೋ, ಸೋವಿನೋ, ಮುಕ್ಕೋದಿಲ್ಲ

ಕೆಲವರ ಮನೆಗೆ ನೆಂಟರು ಬರುವ ಹಾಗೆ ನನ್ನ ಬಾಳಿಗೆ ನಗೆಪಾಟಲು ಬರುತ್ತದೆ. ಕರೆಯದೆ ಬರುತ್ತದೆ, ಕೂತು ಉಣ್ಣುತ್ತದೆ, ಹೋಗುವಾಗ ಊರಿಗೆಲ್ಲ ಹೇಳಿ ಹೋಗುತ್ತದೆ.

ನಾನು ಮಂಡ್ಯದಲ್ಲಿ ಊಟದ ಹೋಟೆಲು ನಡೆಸಿದವಳು. ಗಂಡ ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಒಂದು ಇಡ್ಲಿ ಪಾತ್ರೆ, ಮತ್ತು ನೆಂಟರು ಕೊಟ್ಟ ಬೇಕಾದಷ್ಟು ಬುದ್ಧಿವಾದ. ಪಾತ್ರೆಯನ್ನು ಮಾತ್ರ ಇಟ್ಟುಕೊಂಡೆ. ಸಕ್ಕರೆ ಕಾರ್ಖಾನೆಯ ಕೂಲಿಗಳು, ಗುಮಾಸ್ತರು, ಕಬ್ಬಿನ ಗಾಡಿಯವರು ಎಲ್ಲರೂ ನನ್ನ ಗಿರಾಕಿಗಳು. ನನಗೆ ಅಕ್ಷರ ಕಲಿಸಿದವರು ಯಾರೂ ಇಲ್ಲ. ಗುಮಾಸ್ತರು ಪತ್ರಿಕೆಯನ್ನು ಗಟ್ಟಿಯಾಗಿ ಓದುವಾಗ ಅವರ ಬೆನ್ನ ಹಿಂದೆ ಸಾರಿನ ಸೌಟು ಹಿಡಿದು ನಿಂತು, ಯಾವ ಸದ್ದು ಯಾವ ಗೀಟಿಗೆ ಸೇರಿದ್ದು ಎಂದು ಹೊಂದಿಸಿಕೊಂಡೆ. ಬಹಳ ದಿನ ನನಗೆ ತಲೆಬರಹ ಮಾತ್ರ ಓದಲು ಬರುತ್ತಿತ್ತು. ಸಣ್ಣಕ್ಷರ ಓದುವಷ್ಟು ಹೊತ್ತು ಯಾರನ್ನೂ ನಾನು ಎಲೆಯ ಮುಂದೆ ಕೂರಲು ಬಿಡುತ್ತಿರಲಿಲ್ಲ.

ಮಳವಳ್ಳಿ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ಫ್ರೆಂಚ್ ಪಾದ್ರಿಯೊಬ್ಬರಿದ್ದರು. ಮಂಡ್ಯಕ್ಕೆ ಬಂದಾಗಲೆಲ್ಲ ನಮ್ಮಲ್ಲೇ ಊಟ. ಅವರ ಕನ್ನಡ ಪುಸ್ತಕದಿಂದ ಎದ್ದು ಬಂದ ಕನ್ನಡ. ಒಂದು ದಿನ ಸಾರು ಕಲಸುತ್ತ ಹೇಳಿದರು: "ತಾಯೀ, ನಮ್ಮ ಊರಿನಲ್ಲಿ ನನ್ನ ಅಣ್ಣನಿಗೆ ದ್ರಾಕ್ಷಿಯ ತೋಟವಿದೆ. ಬರೀ ಬಿಳಿಯ ದ್ರಾಕ್ಷಿ. ಮೂರು ಜಾತಿ. ಮೂರನ್ನೂ ಬೆರೆಸಿ ಒಂದು ದ್ರಾಕ್ಷಾರಸ ಮಾಡುತ್ತಾರೆ. ಒಂದು ಗಟ್ಟಿತನಕ್ಕೆ, ಒಂದು ಚುರುಕಿಗೆ, ಒಂದು ಪರಿಮಳಕ್ಕೆ."

"ನಮ್ಮ ಸಾರಿಗೆ ಬೇಳೆ, ಹುಣಿಸೆ, ಇಂಗು ಇದ್ದ ಹಾಗೆ" ಎಂದೆ.

ಪಾದ್ರಿಗಳು ಕೈಯ ತುತ್ತನ್ನು ಹಾಗೇ ಹಿಡಿದು ನನ್ನನ್ನೇ ನೋಡಿದರು. ಇಷ್ಟು ವರ್ಷ ಇದನ್ನು ಯಾರಿಗೂ ತಿಳಿಸಿ ಹೇಳಲು ಆಗಿರಲಿಲ್ಲವಂತೆ. ಎಲ್ಲ ಶುರುವಾದದ್ದು ಆ ಸಾರಿನಿಂದ.

೧. ಸೌದೆ

ಯುದ್ಧ ಶುರುವಾಗುವ ಹಿಂದಿನ ವರ್ಷ ಪಾದ್ರಿಗಳು ರಜೆಯ ಮೇಲೆ ತಮ್ಮ ದೇಶಕ್ಕೆ ಹೋಗಿ ಬಂದರು. ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಹೊರೆ ಕಡ್ಡಿ ತಂದರು. ಅಣ್ಣನ ತೋಟದ ಮೂರೂ ಜಾತಿಯ ಬಳ್ಳಿಯ ತುಂಡುಗಳು. ಹಡಗು, ರೈಲು ಎಲ್ಲ ದಾಟಿ ಬಂದ ಆ ಹೊರೆಯನ್ನು ಮದ್ದೂರಿನಲ್ಲಿ ಬಸ್ಸಿಗೆ ಏರಿಸುವಾಗ ಕಂಡಕ್ಟರು ಕೇಳಿದನಂತೆ: "ಏನ್ ಸಾಮಿ, ಪರದೇಸ್ದಿಂದ ಸೌದೆ ಒತ್ಕೊಂಡ್ ಬಂದ್ರಾ? ಒಂದ್ ಮಾತು ಏಳಿದ್ರೆ ಇಲ್ಲೇ ಕೊಡುಸ್ತಿದ್ನಲ್ಲ!"

ಚರ್ಚಿನ ನೆಲ ಬರೀ ಕಲ್ಲು. ಕಡ್ಡಿ ನನ್ನ ಕೈಗೆ ಬಂತು. ಮದ್ದೂರಿಗೂ ಮಳವಳ್ಳಿಗೂ ನಡುವಿನ ನಮ್ಮ ಹಳ್ಳಿಯಲ್ಲಿ ಅಪ್ಪನ ಜಮೀನಿತ್ತು. ಅದನ್ನು ಉಳುತ್ತಿದ್ದವನು ನನ್ನ ತಮ್ಮ. ಅದರಲ್ಲಿ ಅವನ ಬೆಲ್ಲದ ಆಲೆಮನೆಯ ಪಕ್ಕದ ಒಂದು ತುಂಡಿಗೆ ಬಾವಿ ತೋಡಿಸಿದ್ದು ನನ್ನ ಹೋಟೆಲಿನ ದುಡಿಮೆ. ಆ ತುಂಡು ನನಗೆ ಬೇಕು ಎಂದೆ. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆ ಕೊಡುವುದು ಬೇರೆ, ನೆಲ ಕೊಡುವುದು ಬೇರೆ ಎನ್ನುವ ಕಾಲ. ತಮ್ಮ ಸಿಡುಕಿದ.

"ಅಕ್ಕ, ಕಬ್ಬು ಆಕುದ್ರೆ ಆಳೆತ್ರ ಬೆಳೆಯೋ ನೆಲ ಕಣಕ್ಕ ಅದು. ಈ ಕಡ್ಡಿ ನೆಟ್ಟು ಏನ್ ಮಾಡೀಯೆ?"

"ಹಣ್ಣು ಬಿಡಿಸ್ತೀನಿ."

"ಅಣ್ಣು ಬುಟ್ರೆ ನೆಲ ನಿಂದೇ, ಬರ್ಕೊಡ್ತೀನಿ. ಮೂರ್ನೇ ಬ್ಯಾಸ್ಗೆ ಒತ್ಗೂ ಬುಡ್ನಿಲ್ಲ ಅಂದ್ರೆ ಕಿತ್ತಾಕಿ ಕಬ್ಬು ನೆಡ್ತೀನಿ. ಆಗ ನೀನು ತುಟಿ ಪಿಟಕ್ ಅನ್ಬಾರ್ದು."

"ಆ ಮಾತನ್ನ ಪಟೇಲರ ಮುಂದೆ ಹೇಳು."

ಹೇಳಿದ. ಪಟೇಲರು ಎಲೆ ಅಡಿಕೆ ಪಕ್ಕಕ್ಕೆ ಉಗಿದು, ಎರಡು ಸಲ ಒತ್ತಿ ಹೇಳಿದರು: "ಅಣ್ಣು. ಕಾಯಲ್ಲ, ಅಣ್ಣು. ಎಲ್ರೂ ಕೇಳುಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡರು. ನಾನಂತೂ ತಲೆ ಎತ್ತಿಕೊಂಡೇ ಒಪ್ಪಿದೆ. ಬಿಳಿ ದ್ರಾಕ್ಷಿ ಹಣ್ಣಾದ ಮೇಲೂ ಹಸಿರಾಗಿಯೇ ಇರುತ್ತದೆ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ಬಿಳಿ ಎಂದರೆ ಮಲ್ಲಿಗೆ ಮೊಗ್ಗಿನ ಹಾಗೆ ಬೆಳ್ಳಗಿರುತ್ತದೆ ಎಂದುಕೊಂಡಿದ್ದೆ.

೨. ನಾಮಕರಣ

ನೆಡುವ ದಿನ ಪಾದ್ರಿಗಳೇ ಬಂದರು. ಕಾವಲಿಗೆ ನಾನು ಒಬ್ಬ ತಾತನನ್ನು ಇಟ್ಟಿದ್ದೆ. ತಾತನಿಗೆ ಒಂದು ಕಿವಿ ಮಂದ, ಇನ್ನೊಂದು ಕಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವಂಥದ್ದು. ಮೂರು ಜಾತಿಗೆ ಮೂರು ಸಾಲು. ಪಾದ್ರಿಗಳು ಮೊದಲನೆಯ ಸಾಲಿನ ತಲೆಯಲ್ಲಿ ನಿಂತು, ಕೋಲು ತೋರಿಸಿ, "ಸೆಮಿಯೋಂ" ಎಂದರು.

ತಾತ ಓಡಿ ಬಂದು ಕೈ ಮುಗಿದ. "ಏನ್ ಸಾಮಿ?"

"ನಿನ್ನನ್ನು ಕರೆಯಲಿಲ್ಲ. ಇದು ಸೆಮಿಯೋಂ."

"ಓ, ಇದೂ ಸಾಮಿಯೋ!" ತಾತ ಬಳ್ಳಿಗೂ ಒಂದು ಸಲ ಕೈ ಮುಗಿದ.

ಎರಡನೆಯ ಸಾಲು. "ಸೋವಿನ್ಯೋಂ."

"ಸೋವಿನೋ?" ತಾತ ನನ್ನ ಕಡೆ ತಿರುಗಿದ. "ಅಡಗ್ನಲ್ಲಿ ಬಂದಿದ್ದು ಸೋವಿ ಎಂಗಾದಾತವ್ವಾ?"

ಮೂರನೆಯ ಸಾಲು. "ಮುಸ್ಕದೆಲ್."

ತಾತನ ಮುಖ ಸಣ್ಣದಾಯಿತು. "ಮುಕ್ಕೋದಿಲ್ವಾ? ಯಾಕ್ ಸಾಮಿ, ವಿಸವಾ?"

ಪಾದ್ರಿಗಳಿಗೆ ತಾತನ ಮಾತು ಪೂರ್ತಿ ತಿಳಿಯಲಿಲ್ಲ. ಹೆಸರುಗಳನ್ನು ಬಾಯಿಪಾಠ ಮಾಡುತ್ತಿದ್ದಾನೆ ಎಂದುಕೊಂಡು ಅವನ ಬೆನ್ನು ತಟ್ಟಿ, ನನಗೆ ಹೇಳಿದರು: "ತಾಯೀ, ಈತನ ಉಚ್ಚಾರಣೆ ನಿಮ್ಮದಕ್ಕಿಂತ ಶುದ್ಧವಾಗಿದೆ."

೩. ಕರೆಂಟು

ಬಳ್ಳಿ ಹಬ್ಬಲು ಕಂಬ ನೆಟ್ಟು ತಂತಿ ಎಳೆಯಬೇಕು. ಕಿರುಗಾವಲಿನಿಂದ ಒಬ್ಬ ಸಾಹೇಬರನ್ನು ಕರೆಸಿದೆ. ಪಂಪು, ಗಾಡಿ, ಗಾಣ ಏನು ಕೆಟ್ಟರೂ ಸರಿಮಾಡುವ ಮೇಸ್ತ್ರಿ. ಸಾಲಾಗಿ ಕಂಬ ನಿಲ್ಲಿಸಿ, ಎರಡೆರಡು ತಂತಿ ಬಿಗಿದು, ಬೆರಳಿನಿಂದ ಮೀಟಿ ಟಣ್ ಎನ್ನಿಸಿ ತೋರಿಸಿದರು.

ಶಿಂಷಾ ಕಡೆಯಿಂದ ಕರೆಂಟು ಬರುತ್ತದೆ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಊರೂರೂ ಬಾಯಿ ಬಿಟ್ಟು ಕಾಯುತ್ತಿದ್ದ ಕಾಲ ಅದು. ಕಂಬ ಕಂಡವರು, ತಂತಿ ಕಂಡವರು ಇನ್ನೇನು ಅಂದುಕೊಂಡಾರು? ಸಂಜೆಯ ಹೊತ್ತಿಗೆ "ಓಟ್ಲವ್ವ ಒಲಕ್ಕೆ ಕರೆಂಟು ಎಳ್ಸವ್ಳೆ" ಎಂದು ಸುದ್ದಿಯಾಯಿತು. ಅಲ್ಲಿಯವರೆಗೆ ನನ್ನ ಹೊಲವನ್ನು ಗೋಮಾಳ ಅಂದುಕೊಂಡಿದ್ದ ದನಗಳೆಲ್ಲ ದೂರದಿಂದಲೇ ಸುತ್ತು ಹಾಕಿ ಹೋದವು.

ತಮ್ಮ ಬದುವಿನ ಮೇಲೆ ನಿಂತು ಕೂಗಿದ. "ಅಕ್ಕಾ! ಮುಟ್ಬ್ಯಾಡ ಕಣಕ್ಕ, ಈಚ್ಗೆ ಬಾ!"

ಮೇಸ್ತ್ರಿಗಳು ಮುಖದಲ್ಲಿ ಒಂದು ಗೆರೆಯೂ ಕದಲದೆ ಹೇಳಿದರು: "ಅಲ್ಲೇ ನಿಂತ್ಕೊಳ್ಳಿ ಗೌಡ್ರೇ. ಕರೆಂಟು ಇನ್ನೂ ಬಿಟ್ಟಿಲ್ಲ. ಯಾವಾಗ ಬಿಡ್ತಾರೋ ಯಾರಿಗೆ ಗೊತ್ತು?"

ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಾರನೆಯ ದಿನ ಪಕ್ಕದ ಹೊಲದವಳು ಬಂದಳು. "ಅವ್ವಾ, ಎಂಗೂ ಎಳ್ಸಿದ್ದೀಯ. ನಮ್ ಕೊಟ್ಟಿಗ್ಗೂ ಒಂದು ಬುರುಡೆ ದೀಪ ಆಕುಸ್ಕೊಡು." ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಇದು ಬರೀ ತಂತಿ, ಬಳ್ಳಿಗೆ, ಎಂದು ನಿಜ ಹೇಳಿದೆ. ಮರುದಿನ ಬೆಳಿಗ್ಗೆ ಅವಳ ಎರಡು ಎಮ್ಮೆಗಳೂ ನನ್ನ ಸೋವಿನೋ ಸಾಲಿನಲ್ಲಿದ್ದವು. ಸಂಜೆ ಮೇಸ್ತ್ರಿಗಳ ಬಾಯಿಂದಲೇ "ಕರೆಂಟು ಬಂತು" ಎಂದು ಊರಿಗೆ ಹೇಳಿಸಿದೆ.

ಎಷ್ಟೋ ವರ್ಷದ ಮೇಲೆ ಊರಿಗೆ ನಿಜವಾದ ಕರೆಂಟು ಬಂದು ದೀಪ ಹತ್ತಿದಾಗ ಆ ಎಮ್ಮೆಯವಳು ಮೂಗಿನ ಮೇಲೆ ಬೆರಳಿಟ್ಟು ಅಂದಳಂತೆ: "ಓಟ್ಲವ್ವ ಬೋ ಕಂಜೂಸಿ. ಅಷ್ಟು ವರ್ಸ ಇಟ್ಕೊಂಡು ಒಂದು ದೀಪ ಅಚ್ನಿಲ್ಲ!"

೪. ಕ್ಷೌರ

ಬಳ್ಳಿ ಹಬ್ಬಿತು. ತಂತಿ ಮುಚ್ಚುವಷ್ಟು ಎಲೆ. ತಾತ ಅದರ ನೆರಳಲ್ಲಿ ಚಾಪೆ ಹಾಸಿ, ಬಂದವರಿಗೆಲ್ಲ ತಾನೇ ಹೆತ್ತ ಹಾಗೆ ತೋರಿಸುತ್ತಿದ್ದ. ದಸರೆ ಕಳೆದ ಮೇಲೆ ಪಾದ್ರಿಗಳು ದೊಡ್ಡ ಕತ್ತರಿ ಹಿಡಿದು ಬಂದರು. ಮಧ್ಯಾಹ್ನದ ಹೊತ್ತಿಗೆ ಎಲೆ ಇಲ್ಲ, ರೆಂಬೆ ಇಲ್ಲ. ಮೋಟುಗಳು ಮಾತ್ರ ಉಳಿದವು.

ತಾತ ನೆಲಕ್ಕೆ ಕೂತು ಎದೆ ಬಡಿದುಕೊಂಡ. "ಅಯ್ಯೋ ನನ್ ಸಾಮೀ! ಮಗೀನ್ ಸಾಕ್ದಂಗೆ ಸಾಕಿದ್ನಲ್ಲಪ್ಪಾ!" ಪಾದ್ರಿಗಳು, ತಮ್ಮನ್ನೇ ಕರೆದು ಅಳುತ್ತಿದ್ದಾನೆಂದು ತಿಳಿದು, ಪಕ್ಕದಲ್ಲಿ ಮೊಣಕಾಲೂರಿ ಸಮಾಧಾನ ಹೇಳಿದರು.

ಸುದ್ದಿ ತಮ್ಮನಿಗೆ ಮುಟ್ಟಿತು. ಒಂದು ಗಾಡಿ ಬಿತ್ತನೆ ಕಬ್ಬಿನ ತುಂಡು ಹೇರಿಕೊಂಡೇ ಬಂದ. ಮುಖ ಅರಳಿತ್ತು.

"ಕಡ್ದಾಕ್ಬುಟ್ಯಂತೆ. ಈಗ್ಲಾದ್ರೂ ಬುದ್ದಿ ಬಂತಲ್ಲ ಬುಡು. ನಾಳೀಕೇ ನೆಟ್ಬುಡ್ತೀನಿ."

"ಚಿಗುರಲಿ ಅಂತ ಕಡಿಸಿದ್ದು ಕಣೋ."

"ಕಡುದ್ರೆ ಚಿಗುರ್ತದಾ? ಯಾರಿಗ್ ಏಳೀಯೆ?"

"ನಿನ್ನ ಕಬ್ಬು ಕಡಿದ ಮೇಲೆ ಕೂಳೆ ಚಿಗುರಲ್ವೇನೋ?"

ತಮ್ಮ ಗಾಡಿಯಿಂದ ಒಂದು ಕಬ್ಬಿನ ತುಂಡು ಎತ್ತಿ ಹಿಡಿದ. ಆಮೇಲೆ, ನಮ್ಮ ಮನೆಯ ಹುಡುಗನನ್ನು ಬೀದಿಯ ಪೋಕರಿಗೆ ಹೋಲಿಸಿದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದ: "ಅದು *ಕಬ್ಬು* ಕಣಕ್ಕ."

ಕೋಪದಲ್ಲಿ ಗಾಡಿ ತಿರುಗಿಸಲು ಹೋಗಿ ಚಕ್ರ ಬಾವಿಯ ಕಾಲುವೆಗೆ ಇಳಿಯಿತು. ಮೇಲೆತ್ತಬೇಕಾದರೆ ಹೇರಿದ್ದನ್ನೆಲ್ಲ ಇಳಿಸಲೇ ಬೇಕಾಯಿತು. ಮತ್ತೆ ತುಂಬಿಕೊಳ್ಳಲು ಅವನ ಸ್ವಾಭಿಮಾನ ಒಪ್ಪಲಿಲ್ಲ. ಆ ಎಮ್ಮೆಗಳ ಪಾಲಿಗೆ ಅಂಥ ಹಬ್ಬ ಮತ್ತೆ ಬರಲಿಲ್ಲ.

೫. ದೇವರ ಸಾಲು, ವಿಷದ ಸಾಲು

ಮೋಟು ಚಿಗುರಿ, ಎರಡನೆಯ ಬೇಸಗೆಗೆ ಅಲ್ಲೊಂದು ಇಲ್ಲೊಂದು ಗೊಂಚಲು ಬಿಟ್ಟಿತು. ನಾನು ಮಂಡ್ಯದಿಂದ ಬಸ್ಸಿನಲ್ಲಿ ಬಂದು ನೋಡಿದರೆ ಮೊದಲನೆಯ ಸಾಲಿನ ಕಂಬಕ್ಕೆ ಅರಿಶಿನ, ಕುಂಕುಮ. ಬುಡದಲ್ಲಿ ಒಡೆದ ತೆಂಗಿನಕಾಯಿಯ ಚಿಪ್ಪು. ಗೊಂಚಲು ಒಂದೂ ಇಲ್ಲ.

"ತಾತ, ಕಳ್ಳರು ಬಂದಿದ್ರಾ?"

"ಅಪಚಾರ ಆಡ್ಬ್ಯಾಡ ಕಣವ್ವ. ಕಳ್ರು ಯಾಕ್ ಬತ್ತಾರೆ? ಇದು ಸಾಮಿ ಸಾಲಲ್ವಾ? ಇಲ್ಲಿ ಕರೆಂಟೂ ಒಡಿಯಾಕಿಲ್ಲ ಅಂತ ಊರೋರು ಬಂದು ಪೂಜೆ ಮಾಡುದ್ರು, ಪರ್ಸಾದ ತಕೊಂಡೋದ್ರು."

ನನಗೆ ಸಿಟ್ಟಿಗಿಂತ ಆಸೆ ಹೆಚ್ಚಾಯಿತು. ತಿಂದವರು ಇದ್ದಾರೆ ಎಂದರೆ ನನ್ನ ಕಡೆಗೆ ಸಾಕ್ಷಿ ಇದೆ ಎಂದಾಯಿತಲ್ಲ! ಒಬ್ಬಳನ್ನು ಹಿಡಿದು ಕೇಳಿದೆ. "ರುಚಿ ಹೆಂಗಿತ್ತೇ? ಹಣ್ಣಾಗಿತ್ತಾ?"

"ಪರ್ಸಾದದ ರುಚಿ ನೋಡ್ತಾರಾ ಅಕ್ಕಯ್ಯ? ಕಣ್ಗೊತ್ಕೊಂಡು ನುಂಗೋದು."

ಮೂರನೆಯ ಸಾಲಿನಲ್ಲಿ ಮಾತ್ರ ಒಂದು ಕಾಯಿಯೂ ಕದಲಿರಲಿಲ್ಲ. ಬಂದವರಿಗೆಲ್ಲ ತಾತ ಅದರ ಹೆಸರು ಹೇಳಿದ್ದ. ಮುಕ್ಕೋದಿಲ್ಲ. ಹಡಗಿನಲ್ಲಿ ತಂದ ಪಾದ್ರಿಗಳೇ ಮುಕ್ಕೋದಿಲ್ಲ ಎಂದ ಮೇಲೆ ಮುಟ್ಟುವವರು ಯಾರು? ಗಿಣಿ ಬಂದರೂ ತಾತ ಓಡಿಸುತ್ತಿರಲಿಲ್ಲ. "ತಿಂದ್ರೆ ಅದ್ರ ಅಣೇಬರ" ಎಂದು ಸುಮ್ಮನೆ ಕೂತಿರುತ್ತಿದ್ದ.

ನಾನು ಮನಸ್ಸಿನಲ್ಲೇ ಪಾದ್ರಿಗಳ ಅಣ್ಣನಿಗೆ ಬೈದೆ. ಮೂರು ಸಾಲಿಗೂ ಅದೇ ಹೆಸರು ಇಡಬಾರದಿತ್ತೇ?

೬. ಸಂತೆ

ಎಮ್ಮೆ, ಭಕ್ತರು ಎಲ್ಲ ಮುಗಿದ ಮೇಲೆ ಎರಡನೆಯ ಸಾಲಿನಲ್ಲಿ ಒಂದು ಬುಟ್ಟಿಯಷ್ಟು ಉಳಿಯಿತು. ಮದ್ದೂರು ಸಂತೆಗೆ ನಾನೇ ಹೊತ್ತುಕೊಂಡು ಹೋಗಿ ಕೂತೆ. ಹೆಂಗಸೊಬ್ಬಳು ಬಗ್ಗಿ ನೋಡಿದಳು.

"ಏನವ್ವ ಇದು?"

ನನಗೆ ಹಾಳು ಹೆಮ್ಮೆ. ದ್ರಾಕ್ಷಿ ಎಂದು ಹೇಳಿ ಸುಮ್ಮನಾಗಬಹುದಿತ್ತು. "ಇದು ಫ್ರಾನ್ಸ್ ದೇಶದ ಸೋವಿನ್ಯೋಂ" ಎಂದೆ.

"ಸೋವಿನೋ? ಅಂಗಾದ್ರೆ ಎರಡು ಸೇರು ಆಕು."

ಪಕ್ಕದವಳು ತಿರುಗಿದಳು. "ಏನ್ ಸೋವಿನಂತೆ?" ಅವಳ ಹಿಂದೆ ಇನ್ನೊಬ್ಬಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬುಟ್ಟಿ ಖಾಲಿ. ಬೆಲೆ ಹೇಳಲು ನನಗೆ ಬಾಯಿ ಸಿಕ್ಕಿದರೆ ತಾನೆ? ಅವರವರಿಗೆ ಸೋವಿ ಅನ್ನಿಸಿದ್ದನ್ನು ಅವರವರೇ ಮಡಿಲಿಗೆ ಹಾಕಿ ಹೋದರು.

ಮುಂದಿನ ಸಂತೆಯಲ್ಲಿ ಅದೇ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದು ಜಗಳಕ್ಕೆ ನಿಂತಳು. "ಎಂತಾ ಕಾಯಿ ಕೊಟ್ಟೆ ಕಣಮ್ಮ? ಉಪ್ಪು ಖಾರ ಆಕಿ ಜಾಡೀಲಿ ಇಟ್ಟಿದ್ದೆ, ಕರ್ಗಿ ನೀರಾಗ್ಯದೆ! ನೆಲ್ಲೀಕಾಯಂಗೆ ಗಟ್ಟಿ ಇರ್ಬೇಕಲ್ವಾ?"

"ಅದು ಹಣ್ಣು. ಉಪ್ಪಿನಕಾಯಿ ಹಾಕು ಅಂತ ನಾನು ಹೇಳಿದ್ನಾ?"

"ಅಸ್ರುಗಿರೋದು ಅಣ್ಣಾ? ನಂಗೇನ್ ಕಣ್ ಕಾಣ್ಸಲ್ವಾ?"

ಈ ಜಗಳ ನನಗಿಂತ ಮೊದಲು ಹಳ್ಳಿಗೆ ತಲುಪಿತು. ನಾನು ಬಸ್ಸು ಇಳಿಯುವಷ್ಟರಲ್ಲಿ ತಮ್ಮ ಪಟೇಲರ ಜಗಲಿಯ ಮೇಲೆ ಕೂತು ಕೇಳುತ್ತಿದ್ದ: "ನೀವೇ ಏಳಿ ಪಟೇಲ್ರೇ, ಉಪ್ಪಿನಕಾಯಿಗೆ ಆಕೋದು ಕಾಯೋ, ಅಣ್ಣೋ?"

೭. ಪಾದ್ರಿಗಳು ಉಗಿದದ್ದು

ಮೂರನೆಯ ಬೇಸಗೆ. ಮಾತಿನ ಪ್ರಕಾರ ಅದೇ ಕೊನೆ. ದೇವರು ದೊಡ್ಡವನು, ಈ ಸಲ ಗೊಂಚಲುಗಳು ತಂತಿ ಬಗ್ಗುವ ಹಾಗೆ ಬಿಟ್ಟವು. ನಾನು ಕಂಬ ಕಂಬಕ್ಕೂ "ಇಲ್ಲಿ ಕರೆಂಟು ಉಂಟು" ಎಂದು ನನ್ನ ಕೈಯಾರೆ ಬರೆದು ಹಲಗೆ ನೇತುಹಾಕಿದೆ. ಊರಿನಲ್ಲಿ ಓದಬಲ್ಲವರು ಇಬ್ಬರು. ಅವರೇ ಉಳಿದವರಿಗೆ ಓದಿ ಹೇಳಿ ಹೆದರಿಸಿದರು.

ಹಣ್ಣಾಗಿದೆಯೋ ಎಂದು ನೋಡಲು ಪಾದ್ರಿಗಳು ಬಂದರು. ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಅಂಗೈಗೆ ಉಗಿದರು. ಉಗಿದದ್ದನ್ನು ಬಿಸಿಲಿಗೆ ಹಿಡಿದು ನೋಡಿದರು. ಇನ್ನೊಂದು ತಿಂದರು, ಮತ್ತೆ ಉಗಿದರು. ಹೀಗೆ ಸಾಲುದ್ದಕ್ಕೂ.

"ಬೀಜ ಕಂದು ಬಣ್ಣಕ್ಕೆ ತಿರುಗಿದೆ, ತಾಯೀ. ಮೊದಲೆರಡು ಸಾಲು ಹಣ್ಣಾಗಿದೆ. ಮುಸ್ಕದೆಲ್ ಸ್ವಲ್ಪ ತಡ, ಅದಿನ್ನೂ ಕಾಯಿ" ಎಂದರು. ನನಗೆ ಅಳುವೇ ಬಂತು. ಯಾರೂ ನೋಡದ ಹಾಗೆ ಸೆರಗಿನಿಂದ ಒರೆಸಿಕೊಂಡೆ.

ಬದುವಿನ ಆಚೆ ನಿಂತಿದ್ದ ತಮ್ಮ ಬೀಜದ ಮಾತು ಕೇಳಿಸಿಕೊಳ್ಳಲಿಲ್ಲ. ನೋಡಿದ್ದು ಮಾತ್ರ. ಊರ ಮುಂದೆ ಹೋಗಿ ನಿಂತ.

"ತಂದ್ ಪಾದ್ರಿನೇ ತಿಂದು ಉಗುದ್ರು ಕಣ್ರಲಾ! ಒಂದಲ್ಲ, ತಿಂದಿದ್ದೆಲ್ಲಾ ಉಗುದ್ರು!"

೮. ಪಂಚಾಯ್ತಿ

ತಮ್ಮನ ಹೆಂಡತಿ ಆಗ ತುಂಬಿದ ಬಸುರಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸಿರು, ಮನೆಯವರೆಲ್ಲ ಅವಳು ಕೇಳಿದ್ದನ್ನು ತರಲು ಕಾದಿದ್ದರು. ಆದರೆ ಆಲೆಮನೆಯ ಸೊಸೆಗೆ ಬೆಲ್ಲದ ವಾಸನೆ ಕಂಡರೆ ಆಗದು. ಸಿಹಿ ಎಂದರೆ ಓಕರಿಕೆ. ಹುಳಿ ಬೇಕು, ಹುಳಿ ಬೇಕು ಎಂದು ಹಗಲೂ ರಾತ್ರಿ ಒಂದೇ ರಾಗ. ಆ ವರ್ಷ ಮಾವು ಮಿಡಿಯನ್ನೇ ಬಿಟ್ಟಿರಲಿಲ್ಲ. ಹುಣಿಸೆಹಣ್ಣು ತಿಂದು ತಿಂದು ಅವಳ ನಾಲಿಗೆ ಸುಲಿದಿತ್ತು.

ಪಟೇಲರೂ ಊರಿನ ಹಿರಿಯರೂ ಪಂಚಾಯ್ತಿಗೆ ಬಂದರು. ಬರುವ ದಾರಿಯಲ್ಲಿ ಆಲೆಮನೆ. ತಮ್ಮ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಬಂದವರ ಕೈಗೆ ಬಿಸಿ ಬೆಲ್ಲ ಕೊಡದೆ ಕಳಿಸುವುದು ಆಲೆಮನೆಯವರಿಗೆ ಗೊತ್ತೇ ಇಲ್ಲ. ಎಲ್ಲರೂ ಕಬ್ಬಿನ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು, ಬೆರಳು ನೆಕ್ಕಿ, ಮೇಲೆ ಕಬ್ಬಿನ ಹಾಲು ಕುಡಿದು, ಮೀಸೆ ಒರೆಸಿಕೊಳ್ಳುತ್ತ ನನ್ನ ಬಳ್ಳಿಯ ಬುಡಕ್ಕೆ ಬಂದರು.

ಪಟೇಲರು ಸುತ್ತ ನೋಡಿದರು. "ಎಲ್ಲಾ ಅಸ್ರುಗದಲ್ಲವ್ವ?"

"ಇದರ ಬಣ್ಣವೇ ಅದು. ತಿಂದು ನೋಡಿ."

ಪಾದ್ರಿಗಳು ಒಂದು ದ್ರಾಕ್ಷಿ ಸೀಳಿ ತೋರಿಸಿದರು. "ಬೀಜವನ್ನು ಗಮನಿಸಬೇಕು. ಕಂದು ಬಣ್ಣ. ಇದು ಪಕ್ವವಾದ ಹಣ್ಣಿನ ಲಕ್ಷಣ."

"ಬೀಜ ತಿನ್ನೋರು ಯಾರ್ ಸಾಮಿ?" ಎಂದರು ಒಬ್ಬ ಹಿರಿಯರು.

ಸಾಮಿ ಸಾಲಿನಿಂದಲೇ ಒಳ್ಳೆಯ ಗೊಂಚಲು ಕಿತ್ತು ಹಂಚಿದೆ. ಬಾಯಿಗೆ ಹಾಕಿಕೊಂಡರು. ಸಾಲಾಗಿ ಎಲ್ಲರ ಮುಖವೂ ಕಿವುಚಿತು. ಒಬ್ಬರ ಒಂದು ಕಣ್ಣು ಮುಚ್ಚಿಯೇ ಹೋಯಿತು.

"ಉಳಿ ಕಣವ್ವ" ಎಂದರು ಪಟೇಲರು. ನೊಂದುಕೊಂಡೇ ಹೇಳಿದರು. "ಉಳಿ ಅಂದ್ರೆ ಬೋ ಉಳಿ."

"ಉಳಿನೇಯ" ಎಂದರು ಉಳಿದವರು.

ನನಗೆ ಭೂಮಿ ಬಾಯಿ ಬಿಟ್ಟ ಹಾಗಾಯಿತು. ಬೆಳಿಗ್ಗೆ ತಾನೆ ಅದೇ ಬಳ್ಳಿಯದನ್ನು ತಿಂದಿದ್ದೆ. ಆಗ ಹೊಳೆಯಿತು. ಕೇಸರಿಬಾತು ತಿಂದ ಬಾಯಲ್ಲಿ ಕಾಫಿ ಕುಡಿದು "ಸಕ್ಕರೆ ಹಾಕಿಲ್ಲ" ಎಂದು ಜಗಳ ತೆಗೆಯುವ ಗಿರಾಕಿಗಳನ್ನು ದಿನವೂ ನೋಡುವವಳು ನಾನು!

"ಪಟೇಲರೇ, ಬೆಲ್ಲ ತಿಂದ ಬಾಯಿ ಅದು. ಬಾಯಿ ಮುಕ್ಕಳಿಸಿ, ಒಂದು ಹೊತ್ತು ಬೇರೆ ಏನೂ ತಿನ್ನದೆ ನೋಡಿ."

ಪಟೇಲರ ಮೀಸೆ ನಿಮಿರಿತು. "ನಮ್ ಬಾಯಿ ಸರೀಗಿಲ್ಲ ಅಂತೀಯಾ? ಇಷ್ಟು ವರ್ಸ ಇದೇ ಬಾಯಲ್ಲಿ ಊರಿಗೆ ನ್ಯಾಯ ಏಳಿವ್ನಿ!"

ತಮ್ಮ ತಲೆ ತಗ್ಗಿಸಿಕೊಂಡ. ಗೆದ್ದವನ ಗತ್ತೂ ಅವನಲ್ಲಿರಲಿಲ್ಲ. "ಬುಡಕ್ಕ, ಆಡಿದ್ ಮಾತು ಆಡ್ದಂಗೆ. ನಾಳೀಕೆ ಗುದ್ಲಿ ತತ್ತೀನಿ" ಎಂದ. ತಾತ ಕಂಬ ಹಿಡಿದುಕೊಂಡು ಮೂಗು ಸೇದತೊಡಗಿದ. ಪಾದ್ರಿಗಳು ಏನೋ ಅವರ ಭಾಷೆಯಲ್ಲಿ ಹೇಳಿಕೊಂಡರು. ಪ್ರಾರ್ಥನೆಯ ಹಾಗೆ ಕೇಳಿಸಲಿಲ್ಲ.

ನಾನು ಮಾತ್ರ ಕಣ್ಣೀರು ಹಾಕಲಿಲ್ಲ. ಅಲ್ಲಿ ಅಷ್ಟು ಗಂಡಸರಿದ್ದರು.

ಅಷ್ಟರಲ್ಲಿ ಬದುವಿನ ಮೇಲೆ ತಮ್ಮನ ಹೆಂಡತಿ ಕಾಣಿಸಿದಳು. ಹೊಟ್ಟೆ ಹಿಡಿದುಕೊಂಡು, ಉಸಿರು ಬಿಡುತ್ತ, ಆದಷ್ಟು ಜೋರಾಗಿ ಬರುತ್ತಿದ್ದಳು. ಪಂಚಾಯ್ತಿ "ಬೋ ಉಳಿ" ಎಂದು ತೀರ್ಪು ಕೊಟ್ಟದ್ದು ಅವಳ ಕಿವಿಗೆ ಬಿದ್ದಿತ್ತು. ಯಾರನ್ನೂ ನೋಡಲಿಲ್ಲ, ಪಟೇಲರ ಮುಂದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವುದನ್ನೂ ಮರೆತಳು. ನೇರವಾಗಿ ಬಳ್ಳಿಗೆ ಕೈ ಹಾಕಿ, ಒಂದು ಹಿಡಿ ಕಿತ್ತು, ಅಷ್ಟನ್ನೂ ಬಾಯಿಗೆ ತುಂಬಿಕೊಂಡಳು. ಕಣ್ಣು ಮುಚ್ಚಿದಳು.

ಆಮೇಲೆ "ಥೂ!" ಎಂದು ಉಗಿದಳು.

"ಉಳಿ ಎಲ್ಲದೆ? ಎಲ್ಲದೆ ಉಳಿ?" ಗಂಡನ ಮೇಲೆ ತಿರುಗಿದಳು. "ಬೆಲ್ಲ ತಿಂದಂಗೆ ಸೀ ಅದಲ್ಲ! ಅಷ್ಟು ದೊಡ್ ಮನ್ಸುರೆಲ್ಲ ಕುಂತ್ಕೊಂಡು ಉಳಿ ಉಳಿ ಅಂತ ಸುಳ್ಳೇಳಿ ಬಸುರೀನ ಒಲ್ದ ತಂಕ ಓಡುಸ್ತೀರಲ್ಲ, ನಿಮ್ಗೆ ನ್ಯಾಯ್ವಾ?" ಎಂದವಳೇ ಬದುವಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು.

ಪಟೇಲರು ಬಾವಿಯ ಕಡೆ ನಡೆದರು. ಗಟ್ಟಿಯಾಗಿ ಬಾಯಿ ಮುಕ್ಕಳಿಸಿದರು. ಬಂದು ಒಂದು ದ್ರಾಕ್ಷಿ ಕಿತ್ತು ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು. ಮೂರನೆಯದಕ್ಕೆ ಕೈ ಹಾಕುತ್ತ ತಮ್ಮನನ್ನು ನೋಡಿ ಹೇಳಿದರು: "ನೆಲ ನಿಮ್ಮಕ್ಕಂದು ಕಣ್ಲಾ. ಬರ್ಕೊಟ್ಬುಡು."

"ಅಸ್ರುಗದಲ್ಲ ಪಟೇಲ್ರೇ?"

"ಬಸುರಿ ಬಾಯಿ ಸುಳ್ಳೇಳಲ್ಲ ಕಣ್ಲಾ. ನಿನ್ ಕಣ್ಣು ಏಳ್ತದೆ."

ತಮ್ಮ ಅಲ್ಲೇ ಒಪ್ಪಿದ. ಹಠಮಾರಿ, ಆದರೆ ಮಾತಿಗೆ ತಪ್ಪುವವನಲ್ಲ. ನಮ್ಮ ಮನೆಯವನಲ್ಲವೇ. ಪಾದ್ರಿಗಳು ತಾತನನ್ನು ಅಪ್ಪಿಕೊಂಡು "ಸೆಮಿಯೋಂ! ಸೆಮಿಯೋಂ!" ಎಂದರು. ತಾತ "ಏನ್ ಸಾಮೀ, ಏನ್ ಸಾಮೀ" ಎನ್ನುತ್ತ ಅತ್ತ.

ಎಲ್ಲರೂ ಗೆದ್ದವಳನ್ನು ಸುತ್ತಿಕೊಂಡಿದ್ದಾಗ, ಗೆಲ್ಲಿಸಿದವಳು ಇನ್ನೂ ಬದುವಿನ ಮೇಲೆ ಕೂತು ಬಿಕ್ಕುತ್ತಿದ್ದಳು. ನನಗೆ ಪಾಪ ಎನ್ನಿಸಿತು. ಮೂರನೆಯ ಸಾಲು ನೆನಪಾಯಿತು. ಪಾದ್ರಿಗಳೇ ಹೇಳಿದ್ದರಲ್ಲ, ಅದಿನ್ನೂ ಕಾಯಿ ಎಂದು. ಕೈ ಹಿಡಿದು ಕರೆದುಕೊಂಡು ಹೋಗಿ ಗೊಂಚಲು ಕಿತ್ತು ಕೊಟ್ಟೆ. ಒಂದು ಕಚ್ಚಿದಳು. ಮೈಯೆಲ್ಲ ಜುಮ್ಮೆಂದು ನಡುಗಿತು. ಮುಖ ಅರಳಿತು. ಆಮೇಲೆ ನಾನು ಕಿತ್ತು ಕೊಡುವುದಕ್ಕೂ ಕಾಯಲಿಲ್ಲ, ಎರಡು ಕೈಯಲ್ಲೂ ಕಿತ್ತು ಕಿತ್ತು ತುಂಬಿಕೊಂಡಳು. ಊರಿನಲ್ಲಿ ಯಾರೂ ಮುಟ್ಟುವ ಧೈರ್ಯ ಮಾಡದಿದ್ದ ಸಾಲು ನನ್ನ ಕಣ್ಣೆದುರೇ ಬರಿದಾಗುತ್ತ ಬಂತು. ದೂರದಲ್ಲಿ ತಾತ "ಅವ್ವಾ, ಬ್ಯಾಡ, ಬ್ಯಾಡ!" ಎಂದು ಕೂಗುತ್ತ ಓಡಿ ಬರುತ್ತಿದ್ದ.

"ಇದ್ಯಾವ್ದು ಅಕ್ಕಯ್ಯ?" ಎಂದಳು.

"ಮುಕ್ಕೋದಿಲ್ಲ" ಎಂದೆ.

ಬಾಯಿ ತುಂಬಿಕೊಂಡೇ ಕೇಳಿದಳು: "ಯಾರು?"